ಒಂದೇ ಒಲೆ, ಎರಡು ತಟ್ಟೆ: ಬೆಂಗಳೂರಿನ ಮನೆಗೆ ಒಗ್ಗುವ ಪ್ಯಾಲಿಯೊ ಊಟ ಯಾವುದು?

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅದು ಮುಗಿದು ಚಳಿ ಬಲಿಯುವ ಹೊತ್ತಿಗೆ ವಿಶ್ವೇಶ್ವರಪುರದ ಆಸುಪಾಸಿನಲ್ಲಿ ಅವರೆಬೇಳೆ ಮೇಳ ಶುರುವಾಗಿ, ಯಾವ ಬೀದಿಗೆ ಹೋದರೂ ಸೊಗಡಿನ ಅವರೆಯ ವಾಸನೆ ಮೂಗಿಗೆ ಅಡರುತ್ತದೆ. ಕಡಲೆಕಾಯಿಯೂ ಅವರೆಯೂ ದ್ವಿದಳ ಧಾನ್ಯಗಳು. ಬೇಸಾಯಕ್ಕೂ ಮೊದಲಿನ ಮನುಷ್ಯನ ಊಟವನ್ನು ಮಾದರಿಯಾಗಿಟ್ಟುಕೊಂಡು ಧಾನ್ಯ, ಬೇಳೆ, ಹಾಲುಗಳನ್ನು ಬಿಡುವ ಪ್ಯಾಲಿಯೊ ಆಹಾರಕ್ರಮದಲ್ಲಿ ಎರಡಕ್ಕೂ ಜಾಗವಿಲ್ಲ. ಬೆಂಗಳೂರಿನ ಕುಟುಂಬವೊಂದು ಈ ಕ್ರಮಕ್ಕೆ ಕೈ ಹಾಕಿದರೆ ಕೈಬಿಡಬೇಕಾಗುವುದು ಅನ್ನ ಮತ್ತು ಮುದ್ದೆಯನ್ನಷ್ಟೇ ಅಲ್ಲ, ಊರಿನ ಎರಡು ಜಾತ್ರೆಗಳನ್ನೂ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಈ ಬರಹವು ಪ್ಯಾಲಿಯೊ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಇಳಿಯುವುದಿಲ್ಲ. ಮಾಡಿಯೇ ತೀರುತ್ತೇವೆ ಎಂದು ಹೊರಟವರಿಗೆ ಅದರ ಯಾವ ಬಗೆ ತಮ್ಮ ಅಡುಗೆಮನೆಗೆ ಒಗ್ಗುತ್ತದೆ ಎಂದು ಹೋಲಿಸಿ ನೋಡಲು ನೆರವಾಗುವುದಷ್ಟೇ ಇದರ ಉದ್ದೇಶ.

ಬಿಡುವುದೇನು, ಇಟ್ಟುಕೊಳ್ಳುವುದೇನು

ಬೇಸಾಯ ಆರಂಭವಾಗಿ ಸುಮಾರು 10,000 ವರ್ಷಗಳಾದವು. ಅದಕ್ಕೂ ಮೊದಲಿನ ಲಕ್ಷಾಂತರ ವರ್ಷ ಮನುಷ್ಯ ಬೇಟೆಯಾಡಿ, ಗೆಡ್ಡೆ-ಹಣ್ಣು ಆಯ್ದು ಬದುಕಿದ. ಆದ್ದರಿಂದ ನಮ್ಮ ದೇಹ ಆ ಆಹಾರಕ್ಕೇ ಹೊಂದಿಕೊಂಡಿದೆ ಎಂಬುದು ಪ್ಯಾಲಿಯೊದ ಮೂಲ ವಾದ. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬ ಅಮೆರಿಕದ ವಿದ್ವಾಂಸರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಈ ವಾದವನ್ನು ಮಂಡಿಸಿದರು. 2002ರ ನಂತರ ಲೊರೆನ್ ಕಾರ್ಡೇನ್ ಅವರ ಬರವಣಿಗೆಯಿಂದ ಅದು ಮನೆಮಾತಾಯಿತು. ಇದರ ಪ್ರಕಾರ ಅಕ್ಕಿ, ಗೋಧಿ, ರಾಗಿ, ಎಲ್ಲ ಬೇಳೆಕಾಳು, ಹಾಲು-ಮೊಸರು, ಸಕ್ಕರೆ-ಬೆಲ್ಲ ಮತ್ತು ಸಂಸ್ಕರಿಸಿದ ಎಣ್ಣೆಗಳು ನಿಷಿದ್ಧ. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ತೆಂಗಿನಕಾಯಿ, ಬಾದಾಮಿ-ಗೋಡಂಬಿಯಂಥವು ಸಮ್ಮತ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ನವಣೆ, ಸಾಮೆ, ಕೊರಲೆಗಳನ್ನು ‘ಆದಿಮಾನವನ ಆಹಾರ’ ಎಂದುಕೊಂಡು ಪ್ಯಾಲಿಯೊ ಪಟ್ಟಿಗೆ ಸೇರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಸಿರಿಧಾನ್ಯಗಳೂ ಧಾನ್ಯಗಳೇ, ಈ ಕ್ರಮದಲ್ಲಿ ಅವಕ್ಕೆ ಅವಕಾಶವಿಲ್ಲ. ಇನ್ನು ಇತಿಹಾಸದ ಮಾತು ಎತ್ತಿದರೆ, ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಗಳ ಸುಟ್ಟ ಕಾಳುಗಳು ದೊರೆತಿವೆ. ಯೂರೋಪಿನಲ್ಲಿ ಸುಮಾರು 30,000 ವರ್ಷಗಳ ಹಿಂದಿನ ಅರೆಯುವ ಕಲ್ಲುಗಳ ಮೇಲೆ ಸಸ್ಯಗಳ ಪಿಷ್ಟದ ಕಣಗಳು ಸಿಕ್ಕಿವೆ. ಹಾಗಾಗಿ ‘ನಮ್ಮ ಪೂರ್ವಜರು ಹೀಗೆಯೇ ತಿನ್ನುತ್ತಿದ್ದರು’ ಎಂಬ ಮಾತನ್ನು ನಂಬಿ ಈ ಕ್ರಮವನ್ನು ಆರಿಸಿಕೊಳ್ಳಬೇಡಿ. ಸಕ್ಕರೆ, ಮೈದಾ, ಕರಿದ ತಿಂಡಿ ಮನೆಯಿಂದ ಹೊರಹೋಗುತ್ತವೆ, ತಟ್ಟೆಯಲ್ಲಿ ಸೊಪ್ಪು-ತರಕಾರಿ ಹೆಚ್ಚುತ್ತವೆ ಎಂಬುದೇ ಸಾಕಷ್ಟು ಗಟ್ಟಿಯಾದ ಕಾರಣ.

ನಾಲ್ಕು ದಾರಿಗಳು

ನಮ್ಮ ಮನೆಯಲ್ಲಿ ಐವರಿದ್ದೇವೆ: ಮಾಗಡಿ ಕಡೆಯವರಾದ ಅತ್ತೆಯವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರಿಂದ ಹೇಳಿಸಿಕೊಂಡ ನಮ್ಮ ಮನೆಯವರು, ನಾನು, ಕಾಲೇಜಿಗೆ ಹೋಗುವ ಮಗಳು ಮತ್ತು ಎಂಟನೆಯ ತರಗತಿಯ ಮಗ. ಈ ಐವರಲ್ಲಿ ಪ್ಯಾಲಿಯೊ ಬೇಕಾಗಿದ್ದದ್ದು ಒಬ್ಬರಿಗೆ. ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳದೆ ಹೊರಟದ್ದರಿಂದಲೇ ನಾನು ಮೊದಲ ಆರು ವಾರ ಪಡಬಾರದ ಪಾಡು ಪಟ್ಟೆ.

ಮೊದಲನೆಯದು, ಇಡೀ ಮನೆಗೆ ಕಟ್ಟುನಿಟ್ಟಿನ ಪ್ಯಾಲಿಯೊ. ಅಡುಗೆ ಒಂದೇ, ನಿಯಮ ಒಂದೇ, ಡಬ್ಬಿಯಲ್ಲಿ ಅಕ್ಕಿಯೂ ಇರುವುದಿಲ್ಲ, ಅದರ ಮೇಲೆ ಆಸೆಯೂ ಹುಟ್ಟುವುದಿಲ್ಲ. ಇಬ್ಬರೇ ಇರುವ, ಮಾಂಸಾಹಾರಿಗಳಾದ, ವಾರಾಂತ್ಯಕ್ಕೆ ಒಟ್ಟಿಗೆ ಅಡುಗೆ ಮಾಡಿಡುವ ದಂಪತಿಗೆ ಇದು ಸಲೀಸು. ಮಕ್ಕಳು ಮತ್ತು ಹಿರಿಯರು ಇರುವ ಮನೆಗೆ ಇದನ್ನು ನಾನು ಸೂಚಿಸಲಾರೆ. ನಾಲ್ಕನೆಯ ದಿನವೇ ಅತ್ತೆಯವರು ತಟ್ಟೆ ಮುಂದಿಟ್ಟುಕೊಂಡು, “ಮುದ್ದೆ ಇಲ್ದೆ ಸಾರ್ ಇಟ್ರೆ ಏನವ್ವಾ ಮಾಡ್ಲಿ, ಕುಡೀಲಾ?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಎರಡನೆಯದು, ಹಾಲಿನ ಪದಾರ್ಥಗಳನ್ನು ಬಿಡದ ಪ್ಯಾಲಿಯೊ. ತುಪ್ಪ, ಬೆಣ್ಣೆ, ಪನೀರು, ಮೊಸರುಗಳನ್ನು ಇಟ್ಟುಕೊಂಡು ಧಾನ್ಯ, ಬೇಳೆ, ಸಕ್ಕರೆಗಳನ್ನಷ್ಟೇ ಕೈಬಿಡುವ ಈ ಬಗೆ ತಮಿಳುನಾಡಿನಲ್ಲಿ ಬಹಳ ಹಬ್ಬಿತು. ಅಲ್ಲಿಂದಲೇ ಬೆಂಗಳೂರಿಗೂ ಬಂತು. ತುಪ್ಪದಲ್ಲಿ ಹುರಿದ ನೂರು ಬಾದಾಮಿಯ ಬೆಳಗಿನ ತಿಂಡಿ ಇದರ ಗುರುತು. ನೂರು ಬಾದಾಮಿ ಎಂದರೆ ಸುಮಾರು 120 ಗ್ರಾಂ, ಅಂದರೆ ಒಬ್ಬರಿಗೇ ತಿಂಗಳಿಗೆ ಮೂರೂವರೆ ಕಿಲೋ ಮೀರುತ್ತದೆ. ದಿನಸಿ ಚೀಟಿಯಲ್ಲಿ ಈ ಒಂದು ಸಾಲನ್ನು ನೋಡಿಯೇ ಹಲವರು ಹಿಂದೆ ಸರಿಯುತ್ತಾರೆ. ಇದು ಹೆಸರಿಗೆ ಪ್ಯಾಲಿಯೊ. ಸ್ವಭಾವದಲ್ಲಿ ಪಿಷ್ಟವನ್ನು ತೀರ ಇಳಿಸಿ ಕೊಬ್ಬನ್ನು ಏರಿಸುವ ಊಟ. ಮೂಲ ಕ್ರಮ ಒಪ್ಪುವ ಗೆಣಸು, ಬಾಳೆಹಣ್ಣುಗಳಿಗೂ ಇಲ್ಲಿ ಕಡಿವಾಣವಿದೆ.

ಮೂರನೆಯದು, ಸಸ್ಯಾಹಾರಿಗಳ ಪ್ಯಾಲಿಯೊ. ಬೇಳೆಯನ್ನೂ ಹಾಲನ್ನೂ ಮೊಟ್ಟೆಯನ್ನೂ ಒಟ್ಟಿಗೆ ಬಿಟ್ಟರೆ ಪ್ರೋಟೀನ್ ಎಲ್ಲಿಂದ ಬರಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ ಅದು ಸುಮಾರು 46 ಗ್ರಾಂ. ಬಾದಾಮಿ, ತೆಂಗಿನಕಾಯಿ, ಸೊಪ್ಪುಗಳಿಂದಲೇ ಅಷ್ಟನ್ನು ದಿನವೂ ಹೊಂದಿಸುವುದು ಕಾಗದದ ಮೇಲೆ ಸಾಧ್ಯವಾದರೂ ಹೊಟ್ಟೆಗೆ ಆಗದು. ಮೊಟ್ಟೆ ತಿನ್ನುವವರಾದರೆ ದಾರಿ ಇದೆ, ಪನೀರು-ಮೊಸರು ಸೇರಿಸಿಕೊಂಡರೆ ಇನ್ನಷ್ಟು ಸುಲಭ. ಮೊಟ್ಟೆಯನ್ನೂ ಮುಟ್ಟದವರು ಬೇಳೆಯನ್ನು ಬಿಡಬೇಡಿ ಎಂಬುದು ನನ್ನ ನೇರ ಮಾತು.

ನಾಲ್ಕನೆಯದು, ಒಂದೇ ಅಡುಗೆಯಿಂದ ಎರಡು ತಟ್ಟೆ. ಮನೆಯ ಸಾರು, ಪಲ್ಯ, ಗೊಜ್ಜುಗಳನ್ನೆಲ್ಲ ಧಾನ್ಯ-ಬೇಳೆ ಇಲ್ಲದೆ ಬೇಯಿಸಿ, ಬೇಕಾದವರ ಪಾಲನ್ನು ಮೊದಲು ತೆಗೆದಿಟ್ಟು, ಉಳಿದುದಕ್ಕೆ ಬೇಳೆಯನ್ನೋ ಕಾಳನ್ನೋ ಸೇರಿಸಿ, ಪಕ್ಕದಲ್ಲಿ ಮುದ್ದೆ ಅಥವಾ ಅನ್ನ ಇಡುವುದು. ಕೊನೆಗೆ ನಮ್ಮಲ್ಲಿ ನಿಂತದ್ದು ಇದೇ. ಇದರ ಪ್ರಕಾರ ಮನೆಯವರದು ಪೂರ್ತಿ ಪ್ಯಾಲಿಯೊ, ನನ್ನದು ರಾತ್ರಿಗೆ ಮಾತ್ರ, ಉಳಿದ ಮೂವರದು ಎಂದಿನ ಊಟ.

ಬಸ್ಸಾರಿನ ಉದಾಹರಣೆ ಕೊಡುತ್ತೇನೆ, ಏಕೆಂದರೆ ಬೇಳೆಯಿಲ್ಲದೆ ಬಸ್ಸಾರು ಆಗುವುದಿಲ್ಲ ಎಂದೇ ನಾನೂ ನಂಬಿದ್ದೆ. ದಂಟಿನ ಸೊಪ್ಪು, ಸಬ್ಬಸಿಗೆ, ಒಂದು ಹಿಡಿ ಮೆಂತ್ಯದ ಸೊಪ್ಪನ್ನು ಉಪ್ಪು ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ ಬಸಿಯುತ್ತೇನೆ. ತೊಗರಿಬೇಳೆ ಪಕ್ಕದ ಒಲೆಯಲ್ಲಿ ಕುಕ್ಕರಿನಲ್ಲಿ ಬೇರೆಯೇ ಬೇಯುತ್ತದೆ. ಬಾಣಲೆಯಲ್ಲಿ ಸುಟ್ಟಂತೆ ಹುರಿದ ಈರುಳ್ಳಿ, ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ, ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಇವುಗಳ ಜೊತೆಗೆ ಬೇಳೆಗೆ ಬದಲಾಗಿ ಬೆಂದ ಸೊಪ್ಪಿನದೇ ಎರಡು ಸೌಟು ಹಾಕಿ ನುಣ್ಣಗೆ ರುಬ್ಬಿ, ಬಸಿದ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಿಗೆ ಬೇಕಾದ ಮಂದ ಬರುತ್ತದೆ. ಮನೆಯವರ ಪಾಲನ್ನು ಚಿಕ್ಕ ತಪ್ಪಲೆಗೆ ತೆಗೆದ ಮೇಲೆ ಬೆಂದ ಬೇಳೆಯಲ್ಲಿ ಅರ್ಧವನ್ನು ಉಳಿದ ಸಾರಿಗೂ ಅರ್ಧವನ್ನು ಪಲ್ಯಕ್ಕೂ ಸೇರಿಸುತ್ತೇನೆ. ಹೆಚ್ಚುವರಿ ಕೆಲಸ ಒಂದು ತಪ್ಪಲೆ ತೊಳೆಯುವುದು. ಹುಣಿಸೆಮರ ಸಸ್ಯಶಾಸ್ತ್ರದ ಪ್ರಕಾರ ದ್ವಿದಳ ಕುಟುಂಬಕ್ಕೇ ಸೇರಿದ್ದು, ಮೆಂತ್ಯವೂ ಅಷ್ಟೇ. ಅಷ್ಟು ದೂರ ಲೆಕ್ಕ ಹಾಕುವವರು ಅಡುಗೆ ಮಾಡಿ ಮುಗಿಸಲಾರರು.

ಮುದ್ದೆಯ ಜಾಗಕ್ಕೆ ಏನು?

ಪ್ಯಾಲಿಯೊ ಹಿಡಿದ ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ. ಸಾರು ಕೆಟ್ಟಿದೆ ಎಂದಲ್ಲ, ಸಾರನ್ನು ಹೀರಿಕೊಳ್ಳಲು ತಟ್ಟೆಯಲ್ಲಿ ಏನೂ ಇಲ್ಲದ್ದರಿಂದ. ಆಯ್ಕೆಗಳು ಐದಾರು ಇವೆ, ಅವುಗಳ ನಡುವೆ ಅಜಗಜಾಂತರ ವ್ಯತ್ಯಾಸವಿದೆ.

ಎಲ್ಲರೂ ಮೊದಲು ಹೇಳುವುದು ಹೂಕೋಸಿನ ‘ಅನ್ನ’. ಹೂಕೋಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಕಬ್ಬಿಣದ ಬಾಣಲೆಯಲ್ಲಿ ದೊಡ್ಡ ಉರಿಯ ಮೇಲೆ ಮೂರ್ನಾಲ್ಕು ನಿಮಿಷ ಆಡಿಸಿದರೆ ಉದುರುದುರಾದ ಪದಾರ್ಥ ಸಿಗುತ್ತದೆ. ಹಿಂಡದಿದ್ದರೆ, ಅಥವಾ ಮುಚ್ಚಳ ಮುಚ್ಚಿದರೆ, ಅದು ಗಂಜಿಯಾಗಿ ಮನೆಯೆಲ್ಲ ಗಂಧಕದಂಥ ವಾಸನೆ ಹರಡುತ್ತದೆ. ಚಿತ್ರಾನ್ನದ ಒಗ್ಗರಣೆಗೆ, ಮಾವಿನಕಾಯಿಯ ತುರಿಗೆ, ಮೊಟ್ಟೆ ಹುರಿದು ಬೆರೆಸುವುದಕ್ಕೆ ಇದು ಬಹಳ ಚೆನ್ನ. ಆದರೆ ಸಾರು ಸುರಿದ ಕೂಡಲೇ ನೀರು ಬಿಟ್ಟುಕೊಂಡು ತಟ್ಟೆಯಲ್ಲಿ ತೇಲುತ್ತದೆ. ಸಾರಿನ ಮನೆಗೆ ಇದು ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾರಿಗೆ ನಿಜವಾಗಿ ನಿಲ್ಲುವುದು ಸುವರ್ಣಗಡ್ಡೆ. ಸಿಪ್ಪೆ ಹೆರೆದು, ದೊಡ್ಡ ಹೋಳು ಮಾಡಿ, ಹುಣಿಸೆಹಣ್ಣಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ನೀರನ್ನು ಪೂರ್ತಿ ಬಸಿದು, ಬಿಸಿ ಇರುವಾಗಲೇ ಮುದ್ದೆ ಕೋಲಿನಿಂದ ತಿರುವಬೇಕು. ಕೈಗೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿಕೊಂಡು ಉಂಡೆ ಕಟ್ಟಿದರೆ ಮುದ್ದೆಯಷ್ಟು ಜಿಗುಟು ಬಾರದಿದ್ದರೂ ಕೋಳಿಸಾರಿನಲ್ಲಿ ಅದ್ದಿ ನುಂಗಬಹುದಾದ ಹದ ಬರುತ್ತದೆ. ಹುಣಿಸೆಹುಳಿ ಬಿಟ್ಟರೆ ಗಂಟಲು ತುರಿಸುತ್ತದೆ. ಗಡ್ಡೆಯಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಅದಕ್ಕೆ ಕಾರಣ. ಒಮ್ಮೆ ಅವಸರದಲ್ಲಿ ಈ ಹಂತ ಹಾರಿಸಿ, ಮನೆಯವರು ರಾತ್ರಿಯೆಲ್ಲ ಗಂಟಲು ಕೆರೆದುಕೊಂಡಿದ್ದರು. ಹೆಚ್ಚುವ ಮುನ್ನ ಕೈಗೂ ಎಣ್ಣೆ ಹಚ್ಚಿಕೊಳ್ಳಿ.

ಪಿಷ್ಟದ ಲೆಕ್ಕವೂ ಮುಖ್ಯ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ. 200 ಗ್ರಾಂ ಸುವರ್ಣಗಡ್ಡೆಯಲ್ಲಿ ಅದರ ಅರ್ಧದಷ್ಟು. ಗೆಣಸು ಸುವರ್ಣಗಡ್ಡೆಗಿಂತ ಸ್ವಲ್ಪ ಮೇಲೆ. ಮರಗೆಣಸು ನೂರು ಗ್ರಾಮಿಗೆ 35 ಗ್ರಾಂ ದಾಟುತ್ತದೆ. ಪ್ಯಾಲಿಯೊ ಪಟ್ಟಿಯಲ್ಲಿದೆ ಎಂಬ ಧೈರ್ಯದ ಮೇಲೆ ಸಕ್ಕರೆ ಕಾಯಿಲೆಯವರು ಮರಗೆಣಸನ್ನು ಹೊಟ್ಟೆ ತುಂಬ ತಿಂದರೆ ಅನ್ನ ಬಿಟ್ಟು ಗಳಿಸಿದ್ದೇನೂ ಇಲ್ಲ. ಅದನ್ನು ಚೆನ್ನಾಗಿ ಬೇಯಿಸಿ ನೀರು ಚೆಲ್ಲಿಯೇ ಬಳಸಬೇಕು. ಹಸಿಯಾಗಿ ತಿನ್ನುವುದು ವಿಷ. ಬಾಳೆಕಾಯಿ, ಕೆಸುವಿನ ಗಡ್ಡೆಗಳು ಮಧ್ಯದ ಆಯ್ಕೆಗಳು, ವಾರಕ್ಕೊಮ್ಮೆ ಸಾಕು. ಆಲೂಗಡ್ಡೆಯನ್ನು ಮೊದಲ ಕಾಲದ ನಿಯಮಗಳು ಒಪ್ಪುತ್ತಿರಲಿಲ್ಲ. ಈಗ ಹಲವರು ಒಪ್ಪುತ್ತಾರೆ.

ಸೀಮೆಬದನೆ, ಬೂದುಗುಂಬಳ, ಸೋರೆ, ನವಿಲುಕೋಸುಗಳನ್ನು ಸಾರಿನ ಒಳಗೇ ದಪ್ಪ ಹೋಳುಗಳಾಗಿ ಹಾಕಿ ‘ತಟ್ಟೆ ತುಂಬಿದೆ’ ಎನ್ನಿಸುವುದು ಅತಿ ಸುಲಭದ ಉಪಾಯ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಎಲ್ಲರಿಗೂ ದಿನಕ್ಕೆ 400 ಗ್ರಾಂ ತರಕಾರಿಯನ್ನು ಸೂಚಿಸುತ್ತದೆ. ಪ್ಯಾಲಿಯೊ ಮಾಡುವವರಿಗೆ ಒಂದೂವರೆ ಪಟ್ಟು ಬೇಕಾಗುತ್ತದೆ. ಐದು ಜನರ ಮನೆಗೆ ಗಾಡಿಯವರಿಂದ ಚಿಲ್ಲರೆಯಾಗಿ ಕೊಂಡರೆ ಕೈ ಸುಡುತ್ತದೆ. ವಾರಕ್ಕೊಮ್ಮೆ ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ಬರುವುದು, ಅಥವಾ ಮನೆಯ ಬಳಿಯ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಗಡ್ಡೆಗಳನ್ನು ಕೊಂಡು ಸೊಪ್ಪನ್ನು ಮಾತ್ರ ಗಾಡಿಯಲ್ಲಿ ಕೊಳ್ಳುವುದು ನಮಗೆ ಹೊಂದಿದೆ.

ಒಗ್ಗರಣೆ ಡಬ್ಬಿಯೊಳಗೆ

ದೊಡ್ಡ ಪದಾರ್ಥಗಳನ್ನು ಬಿಟ್ಟವರು ಚಿಕ್ಕವುಗಳಲ್ಲಿ ಎಡವುತ್ತಾರೆ. ಒಗ್ಗರಣೆಯ ಉದ್ದಿನಬೇಳೆ, ಕಡಲೆಬೇಳೆ ಬಿಡಿ, ಅವು ಕಣ್ಣಿಗೆ ಕಾಣುತ್ತವೆ. ಹುಳಿಪುಡಿಯಲ್ಲಿ ಅವೆರಡೂ ಹುರಿದು ಪುಡಿಯಾಗಿ ಕುಳಿತಿರುತ್ತವೆ. ಅಂಗಡಿಯ ಪುಡಿಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಡಬ್ಬಿಯ ಹಿಂಬದಿ ಓದಿ ನೋಡಿ. ಮಟನ್ ಸಾರಿನ ಮಸಾಲೆಗೆ ಹುರಿಗಡಲೆ ರುಬ್ಬುವುದು ನಮ್ಮ ಕಡೆಯ ಪದ್ಧತಿ. ಅದರ ಜಾಗಕ್ಕೆ ಗಸಗಸೆ ಮತ್ತು ಒಂದು ಈರುಳ್ಳಿ ಹೆಚ್ಚು ಹಾಕಿದರೆ ಮಂದ ಸರಿಹೋಗುತ್ತದೆ, ರುಚಿಯೂ ಕೆಡುವುದಿಲ್ಲ.

ಕೈಮಾ ಉಂಡೆಯ ಕಥೆ ಬೇರೆ. ಅಲ್ಲಿ ಹುರಿಗಡಲೆ ಬರೀ ಮಂದಕ್ಕಲ್ಲ, ಉಂಡೆ ಕಟ್ಟುವುದಕ್ಕೆ. ಅದನ್ನು ಬಿಟ್ಟು ಮೊದಲ ಸಲ ಮಾಡಿದಾಗ ಉಂಡೆಗಳೆಲ್ಲ ಸಾರಿನಲ್ಲಿ ಒಡೆದು, ಅತ್ತೆಯವರು “ಇದು ಕೈಮಾ ಗಂಜಿ” ಎಂದು ಹೆಸರಿಟ್ಟರು. ಈಗ ಅರ್ಧ ಕಿಲೋ ಕೈಮಾಕ್ಕೆ ಒಂದು ಮೊಟ್ಟೆ, ನೀರು ಹಾಕದೆ ಅರೆದ ಎರಡು ಚಮಚ ಕೊಬ್ಬರಿ ಸೇರಿಸಿ, ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಸಾರು ಮೆಲ್ಲಗೆ ಕುದಿಯುವಾಗ ಒಂದೊಂದಾಗಿ ಬಿಟ್ಟು, ಐದು ನಿಮಿಷ ಸೌಟನ್ನು ಆಡಿಸದೆ ಸುಮ್ಮನಿರುತ್ತೇನೆ. ಉಂಡೆ ನಿಲ್ಲುತ್ತದೆ. ಇದನ್ನು ಐವರೂ ತಿನ್ನುತ್ತಾರೆ, ಎರಡು ಬಗೆ ಮಾಡಬೇಕಾಗಿಲ್ಲ.

ಎಣ್ಣೆಯಲ್ಲಿ ಕಡಲೆಕಾಯಿ ಎಣ್ಣೆಗೆ ಅವಕಾಶವಿಲ್ಲ, ಸೂರ್ಯಕಾಂತಿಗೂ ಇಲ್ಲ. ಗಾಣದ ಕೊಬ್ಬರಿ ಎಣ್ಣೆ ಸಮ್ಮತ. ಹಾಲು ಬಿಡದ ಬಗೆಯಲ್ಲಿ ತುಪ್ಪವೂ ಸೇರುತ್ತದೆ. ಎರಡರಲ್ಲೂ ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಂತೂ ಹತ್ತರಲ್ಲಿ ಒಂಬತ್ತು ಪಾಲು ಅದೇ. ಆದ್ದರಿಂದ ಆರಂಭಿಸುವ ಮೊದಲೂ ಮೂರು ತಿಂಗಳ ಮೇಲೂ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ ಹೋಲಿಸಿ ನೋಡಬೇಕು. ಉಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ: ‘ಸಹಜ’ ಎಂಬ ಕಾರಣಕ್ಕೆ ಸೈಂಧವ ಲವಣಕ್ಕೆ ಬದಲಾಯಿಸುವವರಿದ್ದಾರೆ. ಹಾಲನ್ನೂ ಬಿಟ್ಟಿರುವ ಮನೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನು ಬಿಡುವುದು ಬುದ್ಧಿವಂತಿಕೆಯಲ್ಲ.

ಮೊಟ್ಟೆ, ಮೀನು, ಮಾಂಸ

ಖರ್ಚಿನಲ್ಲಿ ಮೊಟ್ಟೆಯನ್ನು ಮೀರಿಸುವುದು ಯಾವುದೂ ಇಲ್ಲ. ನೂರು ಗ್ರಾಂ ತೊಗರಿಬೇಳೆಯಲ್ಲಿರುವ ಸುಮಾರು 22 ಗ್ರಾಂ ಪ್ರೋಟೀನ್ ನಾಲ್ಕು ಮೊಟ್ಟೆಯಲ್ಲಿ ಸಿಗುತ್ತದೆ. ಬೇಳೆಗಿಂತ ದುಬಾರಿಯಾದರೂ ಮಾಂಸಕ್ಕಿಂತ ಅಗ್ಗ. ಮಟನ್ನಿನ ಬೆಲೆ ಫಾರಂ ಕೋಳಿಯ ಸುಮಾರು ಮೂರು ಪಟ್ಟು. ಅದನ್ನು ಭಾನುವಾರಕ್ಕೆ ಮೀಸಲಿಟ್ಟು, ಅಂಗಡಿಯಲ್ಲಿ ಮೂಳೆ, ಕಾಲು, ಲಿವರು ಕೇಳಿ ತಂದರೆ ಕಡಿಮೆ ಹಣಕ್ಕೆ ಎರಡು ದಿನದ ಸಾರು ಆಗುತ್ತದೆ. ನಾಟಿಕೋಳಿ ರುಚಿಯಲ್ಲಿ ಮೇಲು, ಬೇಯುವುದಕ್ಕೆ ಹೆಚ್ಚು ಹೊತ್ತು ಬೇಕು, ವಾರದ ದಿನಗಳಿಗೆ ಆಗುವುದಿಲ್ಲ.

ಮೀನಿನಲ್ಲಿ ಬೂತಾಯಿ ಮತ್ತು ಬಂಗುಡೆಗೆ ನನ್ನ ಓಟು. ಅಂಜಲ್ ಮೀನಿನ ಬೆಲೆಯ ಎದುರು ಬೂತಾಯಿ ಎಷ್ಟೋ ಅಗ್ಗ. ಒಮೇಗಾ-3 ಕೊಬ್ಬೂ ಧಾರಾಳ. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ಆಯ್ದುಕೊಳ್ಳಬಹುದು: ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿರಬೇಕು, ಹೊಟ್ಟೆ ಒಡೆದಿರಬಾರದು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಬೆಲೆ ಏರುತ್ತದೆ. ಆಗ ಮೊಟ್ಟೆ-ಕೋಳಿಯ ಮೇಲೆ ನಡೆಸುವುದೇ ಸರಿ.

ಬೂತಾಯಿಯ ಮಾತು ಬಂದದ್ದರಿಂದ ಸುಣ್ಣದಂಶದ ವಿಚಾರವನ್ನೂ ಹೇಳಿಬಿಡುತ್ತೇನೆ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಹಾಲಿನಲ್ಲಿಯೂ ಸಾಕಷ್ಟಿದೆ. ಹಳೆಯ ಮೈಸೂರು ಕಡೆಯ ಮನೆಯೊಂದು ಕಟ್ಟುನಿಟ್ಟಿನ ಪ್ಯಾಲಿಯೊ ಹಿಡಿದರೆ ಈ ಎರಡೂ ಒಂದೇ ದಿನ ನಿಂತುಹೋಗುತ್ತವೆ. ಬೂತಾಯಿಯನ್ನು ಹುಳಿ ಹಾಕಿ ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳುಸಹಿತ ತಿನ್ನುವುದು, ನುಗ್ಗೆಸೊಪ್ಪನ್ನು ವಾರಕ್ಕೆ ಮೂರು ಸಲ ಮಾಡುವುದು, ಪಲ್ಯಕ್ಕೆ ಹುರಿದ ಎಳ್ಳಿನ ಪುಡಿ ಉದುರಿಸುವುದು, ಇವು ಮಾಡಬಹುದಾದ ಕೆಲಸಗಳು. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಅದರ ಆಕ್ಸಲೇಟು ಸುಣ್ಣವನ್ನು ದೇಹಕ್ಕೆ ಸೇರಗೊಡುವುದಿಲ್ಲ.

ತಿಂಡಿ, ಡಬ್ಬಿ, ಕಾಫಿ

ಇಡ್ಲಿ, ದೋಸೆ, ಉಪ್ಪಿಟ್ಟು, ರೊಟ್ಟಿ ನಾಲ್ಕೂ ಹೋದ ಮೇಲೆ ಬೆಳಗಿನ ಏಳು ಗಂಟೆಗೆ ಉಳಿಯುವುದು ಮೊಟ್ಟೆ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಕಾಯಿತುರಿ ಹಾಕಿದ ದಪ್ಪ ಆಮ್ಲೆಟ್ಟು ಅಕ್ಕಿರೊಟ್ಟಿಯ ನೆನಪನ್ನು ಸ್ವಲ್ಪಮಟ್ಟಿಗೆ ತರುತ್ತದೆ. ತುರಿದ ಗೆಣಸು-ಮೊಟ್ಟೆಯ ಅಡೆ ಮಕ್ಕಳಿಗೂ ಇಷ್ಟ. ಕಚೇರಿಯ ಡಬ್ಬಿಗೆ ರಾತ್ರಿಯ ಪಲ್ಯ, ಬೇಯಿಸಿದ ಮೊಟ್ಟೆ, ಒಂದು ಹಣ್ಣು ಸಾಕು. ಹೊರಗಡೆ ತಿನ್ನಬೇಕಾಗಿ ಬಂದರೆ ದರ್ಶಿನಿಯಲ್ಲಿ ಏನೂ ಸಿಗುವುದಿಲ್ಲ. ಮಿಲಿಟರಿ ಹೋಟೆಲಿನಲ್ಲಿ ಚಾಪ್ಸ್, ಬೋಟಿ, ಮೊಟ್ಟೆ ಸಿಗುತ್ತವೆ, ಮಸಾಲೆಯ ಹುರಿಗಡಲೆಗೆ ಕಣ್ಣು ಮುಚ್ಚಿಕೊಳ್ಳಬೇಕು.

ಫಿಲ್ಟರ್ ಕಾಫಿಯಲ್ಲಿ ಹಾಲಿಗೆ ಬದಲಾಗಿ ತೆಂಗಿನಹಾಲು ಹಾಕಲು ಹೋದರೆ ಬಿಸಿ ಡಿಕಾಕ್ಷನ್ನಿನಲ್ಲಿ ಅದು ಹಲವು ಸಲ ಒಡೆಯುತ್ತದೆ. ಬರೀ ಡಿಕಾಕ್ಷನ್ ಕುಡಿಯಲು ಕಲಿಯಬೇಕು, ಇಲ್ಲವೇ ಹಾಲು ಇರುವ ಎರಡನೆಯ ದಾರಿಗೆ ಬರಬೇಕು. ನಮ್ಮ ಮನೆಯವರು ಕಾಫಿ ಒಂದಕ್ಕಾಗಿಯೇ ಮೊದಲ ದಾರಿಯನ್ನು ತ್ಯಜಿಸಿದರು. ನಾನು ಅವರನ್ನು ದೂರುವುದಿಲ್ಲ.

ಯಾರು ವೈದ್ಯರನ್ನು ಕೇಳದೆ ಆರಂಭಿಸಬಾರದು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ-ಮುದ್ದೆಯನ್ನು ಏಕಾಏಕಿ ಬಿಟ್ಟು ಔಷಧಿಯನ್ನು ಎಂದಿನ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೆಲವು ಹೊಸ ಮಾತ್ರೆಗಳಲ್ಲಿ ರಕ್ತದ ಆಮ್ಲತೆ ಏರುವ ಬೇರೆಯದೇ ಅಪಾಯವಿದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಹೆಚ್ಚು ಪ್ರೋಟೀನ್ ಹೊರೆಯಾಗುತ್ತದೆ, ಯೂರಿಕ್ ಆಮ್ಲ ಹೆಚ್ಚಿರುವವರಿಗೆ ಲಿವರು-ಬೋಟಿ-ಬೂತಾಯಿ ತೊಂದರೆ ಕೊಡುತ್ತವೆ. ಗರ್ಭಿಣಿಯರು ಮತ್ತು ಬೆಳೆಯುವ ಮಕ್ಕಳಿಗೆ ಇದು ಬೇಡ.

ಹಾಗಾದರೆ ಯಾವುದು?

ಯಾರಿಗೆ ಬೇಕು, ಯಾರು ಬೇಯಿಸುತ್ತಾರೆ, ವಾರದಲ್ಲಿ ಎಷ್ಟು ದಿನ ಮನೆಯಲ್ಲಿ ಮಾಂಸ ಬೇಯುವುದಿಲ್ಲ, ಈ ಮೂರು ಪ್ರಶ್ನೆ ಕೇಳಿಕೊಂಡರೆ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆಯೇ. ಸೋಮವಾರ, ಶನಿವಾರ, ಶ್ರಾವಣ ಮಾಸವೆಂದು ಮಾಂಸ ಬಿಡುವ ಮನೆಗೆ ಕಟ್ಟುನಿಟ್ಟಿನ ಬಗೆ ವಾರಕ್ಕೆರಡು ದಿನ ಮುರಿದುಬೀಳುತ್ತದೆ. ಆ ದಿನಗಳಿಗೆ ಪನೀರು, ಮೊಸರು ಇರುವ ಎರಡನೆಯ ದಾರಿಯೇ ಬೇಕು. ಇಬ್ಬರೇ ಇದ್ದು ಕೈಯಲ್ಲಿ ಸಮಯವಿದ್ದರೆ ಮೊದಲನೆಯದನ್ನು ಒಂದು ತಿಂಗಳು ಪ್ರಯತ್ನಿಸಬಹುದು. ಕೂಡು ಕುಟುಂಬವಾದರೆ, ಅಡುಗೆ ಒಬ್ಬರ ಕೈಯಲ್ಲೇ ಇದ್ದರೆ, ನಾಲ್ಕನೆಯದನ್ನು ಬಿಟ್ಟು ಬೇರೆ ಯಾವುದೂ ಮೂರು ತಿಂಗಳು ಉಳಿಯುವುದನ್ನು ನಾನು ನೋಡಿಲ್ಲ.

ಆರಂಭವನ್ನು ಯುಗಾದಿಯ ಒಬ್ಬಟ್ಟಿನ ದಿನವೋ ವರಮಹಾಲಕ್ಷ್ಮಿ ಹಬ್ಬದ ವಾರವೋ ಇಟ್ಟುಕೊಳ್ಳಬೇಡಿ. ಹೊಸತೊಡಕಿನ ದಿನ ಸರಿಯಾಗುತ್ತದೆ: ಅಂದು ಹೇಗಿದ್ದರೂ ಮಟನ್ ಸಾರು ಬೇಯುತ್ತದೆ, ಮನೆಯೆಲ್ಲ ಒಂದೇ ತಪ್ಪಲೆಯ ಸುತ್ತ ಕುಳಿತಿರುತ್ತದೆ. ಕಳೆದ ಹೊಸತೊಡಕಿಗೆ ನಮ್ಮ ಅತ್ತೆಯವರು ತಮ್ಮ ಮುದ್ದೆಯಲ್ಲಿ ಒಂದು ತುತ್ತು ಮುರಿದುಕೊಂಡು, ತಮ್ಮ ಮಗನ ತಟ್ಟೆಯ ಸುವರ್ಣಗಡ್ಡೆಯ ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿ, “ಇನ್ನೊಸಿ ಬಸೀಬೇಕಿತ್ತು” ಎಂದರು.